ಎಲೆಕ್ಟ್ರಿಕ್ ಶವರ್ ಒಮ್ಮೆ ಸುಡುತ್ತದೆ, ಒಮ್ಮೆ ನಡುಗಿಸುತ್ತದೆ: ಪೆಟ್ಟಿಗೆ ಬದಲಿಸುವ ಮುನ್ನ ನೀರನ್ನು ಅಳೆಯಿರಿ

ಓದಲೆಂದೋ, ಆಸ್ಪತ್ರೆಯ ಕೆಲಸಕ್ಕೆಂದೋ, ಸಾಫ್ಟ್‌ವೇರ್ ನೌಕರಿಗೆಂದೋ ಬ್ರಿಟನ್ನಿಗೆ ಬಂದು ಬಾಡಿಗೆ ಮನೆ ಹಿಡಿಯುವ ಕನ್ನಡಿಗರಿಗೆ ಸ್ನಾನದ ಮನೆಯ ಗೋಡೆಯ ಮೇಲೆ ಒಂದು ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆ ಎದುರಾಗುವುದುಂಟು. ಅದರ ಮೇಲೆ ಒಂದು ಗುಂಡಿ, ಎರಡು ತಿರುಗಣೆ, ಪಕ್ಕದಲ್ಲಿ ಇಳಿಬಿದ್ದ ಮೆತುಪೈಪ್. ಮೇಲೆ ಚಾವಣಿಯಿಂದ ದಾರ ಎಳೆದು ಹಾಕುವ ಸ್ವಿಚ್. ಇದೇ ಎಲೆಕ್ಟ್ರಿಕ್ ಶವರ್. ಮೊದಲ ಕೆಲವು ದಿನ ಚೆನ್ನಾಗಿಯೇ ಇರುತ್ತದೆ. ಆಮೇಲೆ ಒಂದು ಬೆಳಿಗ್ಗೆ ತಲೆಗೆ ಸೋಪು ಹಚ್ಚಿಕೊಂಡಿರುವಾಗ ನೀರು ಚುರ್ರೆಂದು ಸುಡುತ್ತದೆ, ಹಿಂದೆಯೇ ಮಂಜುಗಡ್ಡೆಯಷ್ಟು ತಣ್ಣಗಾಗುತ್ತದೆ. ಶವರ್ ಕೆಟ್ಟಿದೆ ಎಂದು ಮನೆ ಮಾಲೀಕರಿಗೆ ದೂರು ಹೋಗುತ್ತದೆ. ಅವರು ಹೊಸದು ಹಾಕಿಸಿದರೂ ಮಾರನೆಯ ವಾರ ಅದೇ ಕಥೆ.

ಏಕೆಂದರೆ ಇಂಥ ಕಡೆಗಳಲ್ಲಿ ಬಹಳ ಸಲ ಕೆಟ್ಟಿರುವುದು ಶವರ್ ಅಲ್ಲ. ಮನೆಯೊಳಗೆ ಬರುವ ನೀರಿನ ಒತ್ತಡ ನಡುನಡುವೆ ಕುಸಿಯುತ್ತಿರುತ್ತದೆ, ಪೆಟ್ಟಿಗೆ ಆ ಕುಸಿತಕ್ಕೆ ತನಗೆ ತಿಳಿದಂತೆ ಪ್ರತಿಕ್ರಿಯಿಸುತ್ತಿರುತ್ತದೆ. ಹಾಗಾಗಿ ಮೊದಲು ನೀರನ್ನು ಅಳೆಯಬೇಕು, ಖರ್ಚಿನ ಮಾತು ಆಮೇಲೆ.

ಪೆಟ್ಟಿಗೆಯೊಳಗೆ ನಡೆಯುವುದೇನು

ಊರಿನಲ್ಲಿ ನಾವು ಬಳಸುವ 15 ಅಥವಾ 25 ಲೀಟರ್ ಗೀಸರ್ ನೀರನ್ನು ತುಂಬಿಟ್ಟುಕೊಂಡು ಕಾಯಿಸುತ್ತದೆ. ಎಲೆಕ್ಟ್ರಿಕ್ ಶವರ್ ಏನನ್ನೂ ತುಂಬಿಟ್ಟುಕೊಳ್ಳುವುದಿಲ್ಲ. ಬೀದಿಯ ಕೊಳವೆಯಿಂದ ಬರುವ ತಣ್ಣೀರು ಒಂದು ಪುಟ್ಟ ಡಬ್ಬಿಯ ಮೂಲಕ ಹಾದುಹೋಗುವಷ್ಟರಲ್ಲೇ ಕಾಯಬೇಕು. ಅದಕ್ಕಾಗಿಯೇ ಇದರ ಶಕ್ತಿ 7.5ರಿಂದ 10.8 ಕಿಲೋವ್ಯಾಟ್‌ವರೆಗೆ ಇರುತ್ತದೆ. ಊರಿನ 3 ಲೀಟರ್ ಇನ್‌ಸ್ಟಂಟ್ ಗೀಸರ್‌ಗೆ ಇರುವುದು ಸಾಮಾನ್ಯವಾಗಿ 3 ಕಿಲೋವ್ಯಾಟ್.

ಸಾಮಾನ್ಯ ಮಾದರಿಗಳಲ್ಲಿ ಈ ಶಕ್ತಿ ಸ್ಥಿರ. ಉರಿ ಅಷ್ಟೇ ಇಟ್ಟು ಪಾತ್ರೆಯಲ್ಲಿ ಹಾಲು ಕಡಿಮೆ ಹಾಕಿದರೆ ಬೇಗ ಉಕ್ಕುವಂತೆ, ಹರಿಯುವ ನೀರು ಕಡಿಮೆಯಾದ ಕೂಡಲೇ ಅದರ ಬಿಸಿ ಏರುತ್ತದೆ. ಲೆಕ್ಕ ಸುಲಭ: ಕಿಲೋವ್ಯಾಟ್ ಸಂಖ್ಯೆಯನ್ನು 14.3ರಿಂದ ಗುಣಿಸಿ, ನಿಮಿಷಕ್ಕೆ ಹರಿಯುವ ಲೀಟರ್‌ನಿಂದ ಭಾಗಿಸಿ. ಬಂದದ್ದು ನೀರಿನ ಬಿಸಿ ಎಷ್ಟು ಡಿಗ್ರಿ ಏರುತ್ತದೆ ಎಂಬ ಸಂಖ್ಯೆ. 8.5 ಕಿಲೋವ್ಯಾಟ್ ಶವರ್‌ನಲ್ಲಿ ನಿಮಿಷಕ್ಕೆ 4 ಲೀಟರ್ ಹರಿದರೆ ಸುಮಾರು 30 ಡಿಗ್ರಿ ಏರಿಕೆ. ಒಳಬರುವ ನೀರು 10 ಡಿಗ್ರಿ ಇದ್ದರೆ ಮೈಮೇಲೆ ಬೀಳುವುದು 40 ಡಿಗ್ರಿ, ಹಿತವಾದ ಸ್ನಾನ. ಅದೇ ಹರಿವು 3 ಲೀಟರ್‌ಗೆ ಇಳಿದರೆ ಏರಿಕೆ 40 ದಾಟುತ್ತದೆ, ನೀರು 50 ಡಿಗ್ರಿ ಮುಟ್ಟುತ್ತದೆ. ಒಂದೇ ಒಂದು ಲೀಟರ್ ಕಡಿಮೆಯಾಗಿದ್ದಕ್ಕೆ ಹತ್ತು ಡಿಗ್ರಿ ಹೆಚ್ಚು. ಮಗುವಿನ ಚರ್ಮಕ್ಕೆ ಇದು ಅಪಾಯದ ಮಟ್ಟ.

ಆಗ ಪೆಟ್ಟಿಗೆಯೊಳಗಿನ ರಕ್ಷಣಾ ವ್ಯವಸ್ಥೆ ಎಚ್ಚೆತ್ತುಕೊಳ್ಳುತ್ತದೆ. ಬಿಸಿ ಮಿತಿ ಮೀರಿದರೆ ಕಾಯಿಸುವ ಕಾಯಿಲ್‌ಗೆ ಹೋಗುವ ವಿದ್ಯುತ್ತನ್ನು ಕಡಿಯುವ ಒಂದು ಶಾಖ ಸ್ವಿಚ್ ಇದೆ. ನೀರಿನ ಒತ್ತಡವೇ ತೀರಾ ಕುಸಿದರೆ ವಿದ್ಯುತ್ತನ್ನು ಕಡಿಯುವ ಒತ್ತಡ ಸ್ವಿಚ್ ಬೇರೆ ಇದೆ. ಎರಡರಲ್ಲಿ ಯಾವುದು ಕಡಿದರೂ ನೀರು ಹರಿಯುತ್ತಲೇ ಇರುತ್ತದೆ, ಆದರೆ ತಣ್ಣಗೆ.

ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿರುವುದಿಲ್ಲ. ಬಿಸಿ ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಆ ತಿರುಗಣೆ ಸಾಮಾನ್ಯ ಮಾದರಿಗಳಲ್ಲಿ ಒಂದು ನಲ್ಲಿ, ಅಷ್ಟೇ. ಬಿಸಿಯ ಕಡೆ ತಿರುಗಿಸಿದರೆ ನೀರು ಸಣ್ಣದಾಗುತ್ತದೆ, ತಣ್ಣನೆಯ ಕಡೆ ತಿರುಗಿಸಿದರೆ ದಪ್ಪವಾಗುತ್ತದೆ. ಈಗ ಒಂದು ಬೆಳಗಿನ ಅನಾಹುತವನ್ನು ನಿಧಾನವಾಗಿ ನೋಡಿ. ಅಡುಗೆಮನೆಯಲ್ಲಿ ಯಾರೋ ನಲ್ಲಿ ತಿರುಗಿಸುತ್ತಾರೆ. ಶವರ್‌ನ ಹರಿವು ಇಳಿದು ನೀರು ಸುಡುತ್ತದೆ, ಶಾಖ ಸ್ವಿಚ್ ಕಡಿದು ನೀರು ತಣ್ಣಗಾಗುತ್ತದೆ. ನಡುಗುತ್ತಿರುವ ನೀವು ತಿರುಗಣೆಯನ್ನು ಬಿಸಿಯ ಕಡೆಗೆ ಒತ್ತಿ ತಿರುಗಿಸುತ್ತೀರಿ. ಅಂದರೆ ಹರಿವನ್ನು ನೀವೇ ಇನ್ನಷ್ಟು ಕಡಿಮೆ ಮಾಡುತ್ತೀರಿ. ಸ್ವಲ್ಪ ಹೊತ್ತಿಗೆ ಸ್ವಿಚ್ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ, ಮೊದಲಿಗಿಂತ ಹೆಚ್ಚು ಸುಡುವ ನೀರು ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ನೀರು ಹೀಗೆ ಏರುಪೇರಾಗುವಾಗ ತಿರುಗಣೆಯನ್ನು ಮುಟ್ಟಬೇಡಿ. ಪಕ್ಕಕ್ಕೆ ಸರಿದು ನಿಲ್ಲಿ, ಕೈಯಿಂದ ನೋಡಿ, ನೀರು ಸರಿಹೋದ ಮೇಲೆ ಒಳಗೆ ಬನ್ನಿ. ಮಕ್ಕಳನ್ನು, ವಯಸ್ಸಾದವರನ್ನು ಈ ದೋಷ ಸರಿಯಾಗುವವರೆಗೆ ನೇರವಾಗಿ ಶವರ್ ಕೆಳಗೆ ನಿಲ್ಲಿಸಲೇಬೇಡಿ.

ಮೊದಲ ಹೆಜ್ಜೆ: ಯಾವುದು ಮೊದಲು ಆಗುತ್ತದೆ ಎಂದು ಗಮನಿಸಿ

ಸುಟ್ಟು ಆಮೇಲೆ ತಣ್ಣಗಾಯಿತೇ, ಅಥವಾ ಸುಡದೆಯೇ ನೇರವಾಗಿ ತಣ್ಣಗಾಯಿತೇ? ಈ ಒಂದು ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ.

ಮೊದಲು ಸುಟ್ಟು, ಹರಿವು ಸಣ್ಣದಾಗಿ, ಆಮೇಲೆ ತಣ್ಣಗಾದರೆ ಒತ್ತಡ ಅರ್ಧಂಬರ್ಧ ಕುಸಿಯುತ್ತಿದೆ. ಶಾಖ ಸ್ವಿಚ್ ಕೆಲಸ ಮಾಡುತ್ತಿದೆ. ಹರಿವು ತಟ್ಟನೆ ಬಿದ್ದು ನೇರವಾಗಿ ತಣ್ಣಗಾದರೆ ಒತ್ತಡ ಸ್ವಿಚ್ಚೇ ಬಿಟ್ಟುಹೋಗುವಷ್ಟು ಕುಸಿತ ಆಗಿದೆ. ಹರಿವು ಒಂದಿಷ್ಟೂ ಬದಲಾಗದೆ, ಮನೆಯಲ್ಲಿ ಬೇರೆ ಯಾರೂ ನೀರು ಬಳಸದೆ ಇರುವಾಗಲೂ ಬಿಸಿ ಬಂದು ಹೋಗುತ್ತಿದ್ದರೆ, ಅಥವಾ ಎಷ್ಟು ಹೊತ್ತಾದರೂ ಉಗುರುಬೆಚ್ಚಗೇ ಉಳಿದರೆ, ನೀರಿನ ಮೇಲೆ ತಪ್ಪು ಹೊರಿಸಬೇಡಿ. ಎರಡು ಕಾಯಿಲ್‌ಗಳಲ್ಲಿ ಒಂದು ಸುಟ್ಟಿರಬಹುದು, ಸ್ವಿಚ್ಚಿನ ಸಂಪರ್ಕ ಸವೆದಿರಬಹುದು. ಅದು ಎಲೆಕ್ಟ್ರೀಷಿಯನ್ ಕೆಲಸ. ಈ ಲೇಖನದ ಉಳಿದ ಭಾಗ ನಿಮಗೆ ಬೇಕಾಗುವುದಿಲ್ಲ.

ಚಳಿಗಾಲದಲ್ಲಿ ಮಾತ್ರ ತೊಂದರೆ ಕಾಣಿಸಿಕೊಂಡರೆ ಅದಕ್ಕೂ ಕಾರಣವಿದೆ. ಬೇಸಿಗೆಯಲ್ಲಿ 16 ಡಿಗ್ರಿ ಇದ್ದ ಕೊಳವೆಯ ನೀರು ಜನವರಿಯಲ್ಲಿ 6 ಡಿಗ್ರಿಗೆ ಇಳಿಯಬಹುದು. 40 ಡಿಗ್ರಿ ಬೇಕೆಂದರೆ 8.5 ಕಿಲೋವ್ಯಾಟ್ ಶವರ್ ಬೇಸಿಗೆಯಲ್ಲಿ ನಿಮಿಷಕ್ಕೆ 5 ಲೀಟರ್ ಕೊಡುತ್ತಿದ್ದದ್ದು ಈಗ ಮೂರೂವರೆ ಲೀಟರ್ ಮಾತ್ರ ಕೊಡಬಲ್ಲದು. ಹರಿವೇ ಕಡಿಮೆ ಇರುವಾಗ ಅರ್ಧ ಲೀಟರ್ ಕಳೆದುಹೋದರೂ ಪೆಟ್ಟು ದೊಡ್ಡದು. ನವೆಂಬರ್‌ನಲ್ಲಿ ಶವರ್ ಇದ್ದಕ್ಕಿದ್ದಂತೆ ಹಾಳಾಯಿತು ಎನ್ನುವವರ ಶವರ್‌ಗೆ ಹೆಚ್ಚಿನ ಸಲ ಏನೂ ಆಗಿರುವುದಿಲ್ಲ.

ಎರಡನೆಯ ಹೆಜ್ಜೆ: ಬಕೆಟ್ ಮತ್ತು ಮೊಬೈಲ್

ಅಡುಗೆಮನೆಯ ಒಂದು ಲೀಟರ್ ಜಗ್, ಒಂದು ಬಕೆಟ್, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಬೆಳಿಗ್ಗೆ ನೀವು ನಿತ್ಯ ಸ್ನಾನ ಮಾಡುವ ಹೊತ್ತಿಗೇ ಅಳೆಯಿರಿ. ಮಧ್ಯಾಹ್ನ ಮೂರಕ್ಕೆ ಅಳೆದರೆ ಬೀದಿಯ ಒತ್ತಡ ಚೆನ್ನಾಗಿರುತ್ತದೆ, ನಿಜ ಸಿಗುವುದಿಲ್ಲ.

ಮೊದಲು ಅಡುಗೆಮನೆಯ ತಣ್ಣೀರಿನ ನಲ್ಲಿಯನ್ನು ಪೂರ್ತಿ ತೆರೆದು ಒಂದು ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆ ನೋಡಿ. ಬೀದಿಯ ನೀರು ಮನೆಯೊಳಗೆ ಸಾಮಾನ್ಯವಾಗಿ ಮೊದಲು ಮುಟ್ಟುವುದು ಈ ನಲ್ಲಿಯನ್ನೇ. ಹತ್ತು ಲೀಟರ್ ಅಥವಾ ಹೆಚ್ಚು ಬಂದರೆ ಒಳಬರುವ ನೀರಿಗೆ ಕೊರತೆಯಿಲ್ಲ ಎಂದುಕೊಳ್ಳಬಹುದು. ಐದಾರು ಲೀಟರ್‌ನಲ್ಲೇ ನಿಂತರೆ ಕಾರಣ ಮನೆಯ ಬಾಗಿಲಲ್ಲೇ ಇದೆ.

ಆಮೇಲೆ ಶವರ್. ನೀವು ಸ್ನಾನಕ್ಕೆ ಇಡುವ ಜಾಗದಲ್ಲೇ ತಿರುಗಣೆ ಇರಲಿ, ಕೈಶವರನ್ನು ಜಗ್ಗಿನೊಳಗೆ ಹಿಡಿಯಿರಿ. ಒಂದು ಲೀಟರ್ ತುಂಬಲು 15 ಸೆಕೆಂಡ್ ಬೇಕಾದರೆ ನಿಮಿಷಕ್ಕೆ 4 ಲೀಟರ್, 20 ಸೆಕೆಂಡ್ ಆದರೆ 3 ಲೀಟರ್. ಮೊದಲ ಸಲ ಮನೆಯ ಎಲ್ಲ ನಲ್ಲಿಗಳೂ ಮುಚ್ಚಿರಲಿ. ಆಮೇಲೆ ಒಂದೊಂದಾಗಿ ಅಡುಗೆಮನೆಯ ತಣ್ಣೀರು, ಅಡುಗೆಮನೆಯ ಬಿಸಿನೀರು, ಶೌಚಾಲಯದ ಫ್ಲಷ್, ಬಟ್ಟೆ ಒಗೆಯುವ ಯಂತ್ರ ಇವನ್ನು ನಡೆಸಿ ಪ್ರತಿ ಸಲವೂ ಅಳೆದು ಬರೆದಿಡಿ. ಈ ಪರೀಕ್ಷೆಗೆ ಶವರ್‌ನ ಶಕ್ತಿಯ ತಿರುಗಣೆಯನ್ನು (ಬಿಸಿ ಹೊಂದಿಸುವುದನ್ನಲ್ಲ, ಇನ್ನೊಂದನ್ನು) ತಣ್ಣೀರಿನ ಗುರುತಿಗೆ ಇಟ್ಟರೆ ಸುಡುವ ಭಯವೂ ಇಲ್ಲ, ವಿದ್ಯುತ್ತೂ ಉಳಿಯುತ್ತದೆ.

ಒತ್ತಡವನ್ನೇ ಅಳೆಯಬೇಕೆಂದರೆ ತೋಟದ ನಲ್ಲಿಗೆ ಸಿಕ್ಕಿಸುವ ಗೇಜ್ ಅಗ್ಗಕ್ಕೆ ಸಿಗುತ್ತದೆ. ಎಲ್ಲ ನಲ್ಲಿ ಮುಚ್ಚಿರುವಾಗ ಕಾಣುವ ಅಂಕಿಗೆ ಮರುಳಾಗಬೇಡಿ. ನೀರು ನಿಂತಿರುವಾಗ 3 ಬಾರ್ ತೋರಿಸುವ ಪೈಪು ಒಂದು ನಲ್ಲಿ ತೆರೆದ ಕೂಡಲೇ 1 ಬಾರ್‌ಗೆ ಇಳಿಯಬಹುದು. ಶವರ್‌ಗೆ ಬೇಕಿರುವುದು ನೀರು ಹರಿಯುತ್ತಿರುವಾಗಿನ ಒತ್ತಡ; ಅನೇಕ ಮಾದರಿಗಳಿಗೆ ಅದು ಕನಿಷ್ಠ 1 ಬಾರ್ ಆಸುಪಾಸು ಇರಬೇಕು. ನಿಮ್ಮ ಮಾದರಿಯ ಕೈಪಿಡಿಯಲ್ಲಿ ನಿಖರ ಸಂಖ್ಯೆ ಇರುತ್ತದೆ. 1 ಬಾರ್ ಎಂದರೆ ಸುಮಾರು 10 ಮೀಟರ್ ಎತ್ತರದಲ್ಲಿಟ್ಟ ಟ್ಯಾಂಕಿನಿಂದ ನೀರು ಇಳಿದಂತೆ. ಬೆಂಗಳೂರಿನ ಒಂದಂತಸ್ತಿನ ಮನೆಯ ತಾರಸಿಯ ಟ್ಯಾಂಕ್ 3 ಮೀಟರ್ ಮೇಲಿದ್ದರೆ ಕೊಡುವುದು 0.3 ಬಾರ್ ಮಾತ್ರ ಎಂಬುದನ್ನು ನೆನೆದರೆ ಈ ಪೆಟ್ಟಿಗೆ ಎಷ್ಟು ಒತ್ತಡ ಬೇಡುತ್ತದೆ ಎಂದು ಅರ್ಥವಾಗುತ್ತದೆ.

ಮೂರನೆಯ ಹೆಜ್ಜೆ: ನೀರು ಕದಿಯುತ್ತಿರುವುದು ಯಾರು

ಬರೆದಿಟ್ಟ ಅಂಕಿಗಳಲ್ಲಿ ಯಾವುದರ ಎದುರು ಹರಿವು ಹೆಚ್ಚು ಇಳಿದಿದೆಯೋ ಅದೇ ಕಳ್ಳ. ಬಹಳಷ್ಟು ಮನೆಗಳಲ್ಲಿ ಅದು ಶೌಚಾಲಯದ ತೊಟ್ಟಿ. ಶವರ್ ಪಕ್ಕದಲ್ಲೇ ಇರುತ್ತದೆ, ಒಂದೇ 15 ಮಿಲಿಮೀಟರ್ ಪೈಪಿನಿಂದ ಕವಲೊಡೆದಿರುತ್ತದೆ. 6 ಲೀಟರಿನ ತೊಟ್ಟಿ ಒಂದು ನಿಮಿಷದಲ್ಲಿ ತುಂಬುತ್ತದೆ ಎಂದರೆ ಆ ನಿಮಿಷದಲ್ಲಿ ಅದು ನಿಮ್ಮ ಶವರ್‌ಗಿಂತ ಹೆಚ್ಚು ನೀರು ಎಳೆಯುತ್ತಿದೆ.

ಅಡುಗೆಮನೆಯ ಬಿಸಿನೀರಿನ ನಲ್ಲಿ ತೆರೆದಾಗಲೂ ಶವರ್ ಏರುಪೇರಾಗುವುದನ್ನು ಕಂಡು ಕೆಲವರು ತಬ್ಬಿಬ್ಬಾಗುತ್ತಾರೆ. ಶವರ್‌ಗೆ ಬಾಯ್ಲರಿನ ಸಂಬಂಧವೇ ಇಲ್ಲವಲ್ಲ! ಸಂಬಂಧ ಇದೆ. ಈಗ ಹೆಚ್ಚಿನ ಮನೆಗಳಲ್ಲಿರುವ ಕಾಂಬಿ ಬಾಯ್ಲರ್ ಕೂಡ ನೀರನ್ನು ತುಂಬಿಟ್ಟುಕೊಳ್ಳದೆ ಅದೇ ಬೀದಿಯ ಕೊಳವೆಯಿಂದ ಆ ಕ್ಷಣಕ್ಕೆ ಎಳೆದುಕೊಳ್ಳುತ್ತದೆ. ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ ತಣ್ಣೀರಿನ ಟ್ಯಾಂಕ್ ಇದ್ದರೆ ಆಟ ಇನ್ನೂ ಸೂಕ್ಷ್ಮ: ಬಚ್ಚಲಿನ ನಲ್ಲಿ ತೆರೆದಾಗ ಏನೂ ಆಗುವುದಿಲ್ಲ, ಅಟ್ಟದ ಟ್ಯಾಂಕಿನ ತೇಲುಚೆಂಡು ಇಳಿದು ಅದು ತುಂಬಲು ಶುರುವಾದಾಗ ಶವರ್ ಸುಡುತ್ತದೆ. ನಲ್ಲಿ ಮುಚ್ಚಿದ ಮೇಲೂ ತೊಂದರೆ ಮುಂದುವರಿಯುವುದರಿಂದ ಕಾರಣ ಹೊಳೆಯುವುದೇ ಇಲ್ಲ.

ಮನೆಯಲ್ಲಿ ಯಾರೂ ಏನೂ ಬಳಸದಿದ್ದರೂ ಹರಿವು ಬೀಳುತ್ತಿದ್ದರೆ ಪಕ್ಕದ ಮನೆಯವರನ್ನು ಮಾತಾಡಿಸಿ. ಸಾಲುಮನೆಗಳಲ್ಲಿ, ಮುಖ್ಯವಾಗಿ ಹಳೆಯವುಗಳಲ್ಲಿ, ಎರಡು ಮೂರು ಮನೆಗಳಿಗೆ ಒಂದೇ ಪೈಪು ಹಂಚಿಕೆಯಾಗಿರುವುದು ಸಾಮಾನ್ಯ. ಅವರ ತೊಟ್ಟಿ ನಿಮ್ಮ ತಲೆ ಸುಡುತ್ತಿರಬಹುದು.

ನಾಲ್ಕನೆಯ ಹೆಜ್ಜೆ: ಹಣವಿಲ್ಲದೆ ಆಗುವ ರಿಪೇರಿಗಳು

ಅಡುಗೆಮನೆಯ ಸಿಂಕಿನ ಕೆಳಗೆ ನೋಡಿ. ಮನೆಗೆ ನೀರು ಬರುವ ಮುಖ್ಯ ಕವಾಟ ಹೆಚ್ಚಾಗಿ ಅಲ್ಲೇ ಇರುತ್ತದೆ. ಹಿಂದೆ ಯಾವಾಗಲೋ ರಿಪೇರಿ ಮಾಡಿದ ಪ್ಲಂಬರ್ ಅದನ್ನು ಅರ್ಧ ಮಾತ್ರ ತೆರೆದು ಹೋಗಿರುವ ಸಾಧ್ಯತೆ ಇದೆ. ಎಡಕ್ಕೆ ಮೆಲ್ಲಗೆ ಪೂರ್ತಿ ತೆರೆಯಿರಿ, ಆಮೇಲೆ ಕಾಲು ಸುತ್ತು ಹಿಂದಕ್ಕೆ ತನ್ನಿ. ಹಾಗೆ ಬಿಟ್ಟರೆ ತುಕ್ಕು ಹಿಡಿದು ಅಲ್ಲಾಡದಂತಾಗುವುದಿಲ್ಲ. ಬಿಗಿಯಾಗಿದ್ದರೆ ಬಲ ಹಾಕಬೇಡಿ. ಹಳೆಯ ಕವಾಟ ಮುರಿದರೆ ಅಡುಗೆಮನೆ ಕೆರೆಯಾಗುತ್ತದೆ.

ಮುಂದಿನದು ಕೈಶವರ್. ಲಂಡನ್, ಕೆಂಟ್, ಎಸೆಕ್ಸ್, ಕೇಂಬ್ರಿಡ್ಜ್ ಕಡೆಯ ನೀರು ಗಡಸು. ಸುಣ್ಣದ ಪದರ ಶವರಿನ ತೂತುಗಳನ್ನು ಕಟ್ಟುತ್ತದೆ. ಮ್ಯಾಂಚೆಸ್ಟರ್, ವೇಲ್ಸ್, ಸ್ಕಾಟ್‌ಲೆಂಡ್‌ನ ಬಹುಭಾಗದಲ್ಲಿ ನೀರು ಮೆದು, ಈ ತಾಪತ್ರಯ ಕಡಿಮೆ. ತೂತು ಕಟ್ಟಿದರೆ ಹರಿವು ಇಳಿಯುತ್ತದೆ, ಹರಿವು ಇಳಿದರೆ ಮೊದಲು ಹೇಳಿದ ಲೆಕ್ಕವೇ. ಕೈಶವರನ್ನು ಬಿಚ್ಚಿ ಬಿಳಿ ವಿನೆಗರ್‌ನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟು, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಮೆತುಪೈಪ್ ಎಲ್ಲಾದರೂ ಮಡಚಿದೆಯೇ, ಒಳಪದರ ಸಡಿಲವಾಗಿ ಕುಸಿದಿದೆಯೇ ಎಂದೂ ನೋಡಿ. ಕೈಶವರ್ ಬಿಚ್ಚಿ ಬರೀ ಪೈಪಿನಿಂದ ಅಳೆದಾಗ ಹರಿವು ಗಮನಾರ್ಹವಾಗಿ ಹೆಚ್ಚಿದರೆ ಕಾರಣ ಅಲ್ಲೇ ಸಿಕ್ಕಿತು.

ಕೈಶವರಿನಲ್ಲೇ ನೀರು ನಿಲ್ಲಿಸುವ ಗುಂಡಿ ಇರುವ ಮಾದರಿಯನ್ನು ಅಂದವಾಗಿದೆಯೆಂದು ತಂದು ಹಾಕಬೇಡಿ. ಹೊರಹರಿವು ಮುಚ್ಚಿದರೆ ಪೆಟ್ಟಿಗೆಯೊಳಗೆ ಒತ್ತಡ ಏರಿ, ರಕ್ಷಣೆಗೆಂದು ಇಟ್ಟಿರುವ ಸಣ್ಣ ಬಿರಡೆ ಹಾರಿಹೋಗುತ್ತದೆ, ಪೆಟ್ಟಿಗೆಯ ಅಡಿಯಿಂದ ನೀರು ಸೋರಲು ಶುರುವಾಗುತ್ತದೆ. ಅಡಿಯಿಂದ ನೀರು ತೊಟ್ಟಿಕ್ಕುವುದು ಈಗಾಗಲೇ ಕಂಡಿದ್ದರೆ ದಾರ ಎಳೆದು ವಿದ್ಯುತ್ ಆರಿಸಿ, ಬಳಸುವುದನ್ನು ನಿಲ್ಲಿಸಿ, ರಿಪೇರಿಯವರನ್ನು ಕರೆಯಿರಿ.

ಬಟ್ಟೆ ಮತ್ತು ಪಾತ್ರೆ ತೊಳೆಯುವ ಯಂತ್ರಗಳಿಗೆ ತಡವಾಗಿ ಶುರುವಾಗುವ ಟೈಮರ್ ಇರುತ್ತದೆ. ಸ್ನಾನದ ಹೊತ್ತು ತಪ್ಪಿಸಿ ಇಟ್ಟರೆ ಆಯಿತು. ಐವರು ಹಂಚಿಕೊಂಡ ವಿದ್ಯಾರ್ಥಿ ಮನೆಯಲ್ಲಿ ಇಂಥ ಒಪ್ಪಂದ ಎಷ್ಟು ದಿನ ನಡೆಯುತ್ತದೆ ಎಂಬುದು ಬೇರೆ ಮಾತು.

ಫ್ಲಷ್ ತೊಟ್ಟಿಯ ಸ್ಕ್ರೂ

ಇಡೀ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ತೊಟ್ಟಿಗೆ ನೀರು ಹೋಗುವ ತೆಳು ಪೈಪಿನ ಮೇಲೆ, ನೆಲದಿಂದ ಸ್ವಲ್ಪ ಎತ್ತರದಲ್ಲಿ, ಬೆರಳು ದಪ್ಪದ ಲೋಹದ ಜೋಡಣೆ ಕಾಣುತ್ತದೆ. ಅದರ ನಡುವೆ ಚಪ್ಪಟೆ ಸ್ಕ್ರೂಡ್ರೈವರ್ ಹೋಗುವಂಥ ಗೀರು. ಗೀರು ಪೈಪಿನ ಉದ್ದಕ್ಕೆ ನೇರವಾಗಿದ್ದರೆ ಕವಾಟ ಪೂರ್ತಿ ತೆರೆದಿದೆ, ಅಡ್ಡವಾಗಿದ್ದರೆ ಪೂರ್ತಿ ಮುಚ್ಚಿದೆ. ಇಡೀ ಓಟ ಕಾಲು ಸುತ್ತು ಮಾತ್ರ.

ಒಂದು ಸಲ ಫ್ಲಷ್ ಮಾಡಿ ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು ನೋಡಿಕೊಳ್ಳಿ. ಆಮೇಲೆ ಗೀರನ್ನು ಅಡ್ಡದ ಕಡೆಗೆ ತುಸು ತುಸುವೇ ತಿರುಗಿಸಿ. ಅರ್ಧದವರೆಗೆ ಹೆಚ್ಚು ವ್ಯತ್ಯಾಸ ಕಾಣದು. ಮುಕ್ಕಾಲು ದಾಟಿದ ಮೇಲೆ ತುಂಬುವ ಸದ್ದು ಭೋರ್ಗರೆತದಿಂದ ಸಣ್ಣ ಸೀಟಿಯಂತಾಗುತ್ತದೆ. ತೊಟ್ಟಿ ತುಂಬಲು ಮೂರರಿಂದ ನಾಲ್ಕು ನಿಮಿಷ ಆಗುವಂತೆ ನಿಲ್ಲಿಸಿ. 6 ಲೀಟರ್ ನಾಲ್ಕು ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ ಒಂದೂವರೆ ಲೀಟರ್; ಶವರ್‌ಗೆ ಈ ಕಳವು ಅಷ್ಟಾಗಿ ತಟ್ಟುವುದಿಲ್ಲ. ಮತ್ತೆ ಜಗ್ ಹಿಡಿದು ಅಳೆಯಿರಿ. ಜೋಡಣೆಯ ಸುತ್ತ ಒಣ ಟಿಶ್ಯೂ ಕಾಗದ ಒತ್ತಿ ತೇವ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಬಹಳ ವರ್ಷ ತಿರುಗದ ಕವಾಟ ತಿರುಗಿಸಿದ ಮೇಲೆ ಒಮ್ಮೊಮ್ಮೆ ಜಿನುಗುತ್ತದೆ. ಕೈತೊಳೆಯುವ ಬೇಸಿನ್ ಕೆಳಗೆ, ಅಡುಗೆಮನೆಯ ಸಿಂಕ್ ಕೆಳಗೆ ಇಂಥವೇ ಕವಾಟಗಳಿದ್ದರೆ ಅವನ್ನೂ ಹೀಗೆಯೇ ಸ್ವಲ್ಪ ಬಿಗಿ ಮಾಡಬಹುದು.

ಐದನೆಯ ಹೆಜ್ಜೆ: ತೊಂದರೆ ಬೀದಿಯಲ್ಲಿದ್ದರೆ

ಅಡುಗೆಮನೆಯ ನಲ್ಲಿಯೇ ಸೊರಗಿದ್ದರೆ, ಪಕ್ಕದವರಿಗೂ ಹಾಗೆಯೇ ಇದ್ದರೆ, ನೀರು ಪೂರೈಸುವ ಕಂಪನಿಗೆ ಫೋನ್ ಮಾಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಂಪನಿಯ ಪೈಪಿನಲ್ಲಿ ಕನಿಷ್ಠ 7 ಮೀಟರ್ ಎತ್ತರದ, ಅಂದರೆ 0.7 ಬಾರ್ ಒತ್ತಡ ಇರಬೇಕು ಎಂಬ ಖಾತರಿ ಇದೆ. 28 ದಿನಗಳೊಳಗೆ ಎರಡು ಸಲ, ಪ್ರತಿ ಸಲ ಒಂದು ಗಂಟೆಗೂ ಹೆಚ್ಚು ಕಾಲ ಅದಕ್ಕಿಂತ ಕೆಳಗಿಳಿದರೆ ಪರಿಹಾರ ಕೇಳಬಹುದು. ಬರಗಾಲ ಮತ್ತು ಅಗತ್ಯ ಕಾಮಗಾರಿಯ ಸಂದರ್ಭಕ್ಕೆ ವಿನಾಯಿತಿ ಇದೆ. 0.7 ಬಾರ್ ಎಂಬುದು ಅನೇಕ ಶವರ್‌ಗಳಿಗೆ ಸಾಲದು ಎಂಬುದನ್ನು ಗಮನಿಸಿ. ಕಂಪನಿ ತನ್ನ ಮಾತು ಉಳಿಸಿಕೊಂಡರೂ ನಿಮ್ಮ ಸ್ನಾನ ಕೆಡಬಹುದು.

ಬೀದಿಯ ಗಡಿಯ ಕವಾಟದಿಂದ ಮನೆಯವರೆಗಿನ ಪೈಪು ಮನೆ ಮಾಲೀಕರದು, ಕಂಪನಿಯದಲ್ಲ. ಹಳೆಯ ಮನೆಗಳಲ್ಲಿ ಅದು ಸೀಸದ ಪೈಪೋ, ಒಳಗೆ ತುಕ್ಕು ಕಟ್ಟಿದ ಕಬ್ಬಿಣದ ಪೈಪೋ ಆಗಿರುತ್ತದೆ. ಅದನ್ನು 25 ಮಿಲಿಮೀಟರಿನ ನೀಲಿ ಪಾಲಿಥೀನ್ ಪೈಪಿಗೆ ಬದಲಿಸಿದರೆ ಇಡೀ ಮನೆಯ ನೀರಿನ ಸ್ವಭಾವವೇ ಬದಲಾಗುತ್ತದೆ. ಖರ್ಚಿನ ಕೆಲಸ, ಆದರೆ ಸೀಸ ಆರೋಗ್ಯಕ್ಕೂ ಕೇಡು. ಸ್ವಂತ ಮನೆ ಕೊಂಡವರು ಇದನ್ನು ಮುಂದೂಡಬಾರದು ಎಂಬುದು ನನ್ನ ಅಭಿಪ್ರಾಯ.

ಐರ್ಲೆಂಡ್‌ನಲ್ಲಿರುವವರಿಗೆ ಒಂದು ಮಾತು. ಅಲ್ಲಿ ಅಟ್ಟದ ಟ್ಯಾಂಕಿನಿಂದ ನೀರು ತೆಗೆದು ತನ್ನದೇ ಪಂಪಿನಿಂದ ತಳ್ಳುವ ಎಲೆಕ್ಟ್ರಿಕ್ ಶವರ್‌ಗಳು ಬಹಳ. ಅವುಗಳಿಗೆ ಬೀದಿಯ ಒತ್ತಡ ನೇರವಾಗಿ ತಟ್ಟುವುದಿಲ್ಲ. ಏರುಪೇರಾದರೆ ಪಂಪು, ಟ್ಯಾಂಕಿನ ಮಟ್ಟ, ಪೈಪಿನಲ್ಲಿ ಸೇರಿಕೊಂಡ ಗಾಳಿ ಇವುಗಳ ಕಡೆ ನೋಡಬೇಕು.

ಬಾಡಿಗೆದಾರರು ಏನು ಮಾಡಬೇಕು

ಪೆಟ್ಟಿಗೆಯ ಮುಚ್ಚಳ ತೆಗೆಯಬೇಡಿ. ಒಳಗೆ ಸುಮಾರು 30ರಿಂದ 45 ಆಂಪಿಯರ್ ಹರಿಯುವ ತಂತಿ ಇದೆ, ಪಕ್ಕದಲ್ಲೇ ನೀರಿದೆ. ಒಳಗಿನ ಶೋಧಕ ಜಾಲರಿಯಲ್ಲಿ ಮರಳು ಸಿಕ್ಕಿಕೊಂಡಿರಬಹುದು, ಅದನ್ನು ತೊಳೆದರೆ ಹರಿವು ಹೆಚ್ಚಬಹುದು. ಆದರೆ ಆ ಕೆಲಸ ಮಾಲೀಕರು ಕಳಿಸುವವರದು.

ನೀವು ಮಾಡಬೇಕಾದದ್ದು ಮಾಲೀಕರಿಗೋ ಏಜೆಂಟರಿಗೋ ಅಂಕಿಗಳೊಂದಿಗೆ ಇಮೇಲ್ ಬರೆಯುವುದು. ಶವರ್ ಸರಿಯಿಲ್ಲ ಎಂದು ಬರೆದರೆ ಒಬ್ಬ ರಿಪೇರಿಯವನು ಮಧ್ಯಾಹ್ನ ಬಂದು, ಗುಂಡಿ ಒತ್ತಿ, ಬಿಸಿನೀರು ಬಂತೆಂದು ಹೇಳಿ ಹೋಗುತ್ತಾನೆ. ಬೆಳಿಗ್ಗೆ ಏಳೂವರೆಗೆ ನಿಮಿಷಕ್ಕೆ ಇಷ್ಟು ಲೀಟರ್, ಫ್ಲಷ್ ಮಾಡಿದಾಗ ಇಷ್ಟು, ಅಡುಗೆಮನೆಯ ನಲ್ಲಿ ತೆರೆದಾಗ ಇಷ್ಟು ಎಂದು ಬರೆದು, ಜಗ್ ತುಂಬುವ ಒಂದು ಚಿಕ್ಕ ವಿಡಿಯೊ ಸೇರಿಸಿದರೆ ಪ್ಲಂಬರನ್ನೇ ಕಳಿಸಬೇಕಾಗುತ್ತದೆ. ನೀರು ಕಾಯಿಸುವ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಡುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಾಲೀಕರ ಕಾನೂನಿನ ಹೊಣೆ. 1985ರ ಮನೆ ಮಾಲೀಕ ಮತ್ತು ಬಾಡಿಗೆದಾರರ ಕಾಯ್ದೆಯ 11ನೆಯ ಸೆಕ್ಷನ್ ಇಂಗ್ಲೆಂಡಿನಲ್ಲಿ ಇದನ್ನೇ ಹೇಳುತ್ತದೆ. ಮಗುವಿಗೆ ಸುಡುವ ಅಪಾಯವಿದೆ ಎಂಬ ಮಾತನ್ನು, ಅದು ನಿಜವಿದ್ದರೆ, ಮೊದಲ ಸಾಲಿನಲ್ಲೇ ಬರೆಯಿರಿ.

ಅಲ್ಲಿಯವರೆಗೆ? ನಮ್ಮವರಿಗೆ ಒಂದು ಅನುಕೂಲ ಇದೆ. ಸ್ನಾನದ ತೊಟ್ಟಿಯೊಳಗೆ ಬಕೆಟ್ ಇಟ್ಟು ಕೈಶವರನ್ನು ಅದರೊಳಗೆ ಬಿಡಿ. ಸುಡುವ ನೀರು, ತಣ್ಣೀರು ಎರಡೂ ಬೆರೆತು ಹದವಾಗುತ್ತದೆ, ಕೈ ಅದ್ದಿ ನೋಡಿ ಚೊಂಬಿನಿಂದ ಹೊಯ್ದುಕೊಳ್ಳಬಹುದು. ಯಾವ ಕವಾಟವೂ ಬೇಕಿಲ್ಲ. ಮಗುವಿಗಂತೂ ಇದೇ ಸುರಕ್ಷಿತ.

ಸ್ವಂತ ಮನೆಯವರಿಗೆ: ಪ್ಲಂಬರ್ ಬಂದಾಗ ಕೇಳಬೇಕಾದದ್ದು

ಶವರ್‌ಗೆ ಹೋಗುವ ಪೈಪನ್ನು ಎಲ್ಲಿಂದ ಕವಲು ತೆಗೆದಿದ್ದಾರೆ ಎಂದು ಮೊದಲು ಕೇಳಿ. ಎಲ್ಲ ಕವಲುಗಳೂ ಮುಗಿದ ಮೇಲೆ ಕೊನೆಯಲ್ಲಿ ಶವರ್ ಇದ್ದರೆ ಉಳಿದವರು ಬಿಟ್ಟದ್ದಷ್ಟೇ ಅದಕ್ಕೆ. ಮುಖ್ಯ ಕವಾಟ ದಾಟಿದ ಕೂಡಲೇ ಪ್ರತ್ಯೇಕ ಪೈಪು ಎಳೆದು ನೇರ ಶವರ್‌ಗೆ ಕೊಟ್ಟರೆ ಮನೆಯೊಳಗಿನ ಕಳವು ಬಹುಪಾಲು ತಪ್ಪುತ್ತದೆ. ನನ್ನ ಮಟ್ಟಿಗೆ, ಗೋಡೆ ಒಡೆಯಲು ಒಪ್ಪುವವರಿಗೆ ಇದೇ ಸರಿಯಾದ ಮದ್ದು.

ಒಳಬರುವ ಒತ್ತಡ 5 ಬಾರ್‌ನಂತೆ ಜೋರಾಗಿದ್ದು ಹೊಯ್ದಾಡುತ್ತಿದ್ದರೆ ಒತ್ತಡ ತಗ್ಗಿಸುವ ಕವಾಟವೊಂದನ್ನು ಹಾಕಿ 3 ಬಾರ್‌ಗೆ ಹಿಡಿದಿಡಬಹುದು. ಒತ್ತಡವೇ ಕಡಿಮೆ ಇರುವ ಮನೆಗೆ ಇದರಿಂದ ಪ್ರಯೋಜನವಿಲ್ಲ. ಅಂಥ ಮನೆಗಳಿಗೆ ಬೂಸ್ಟರ್ ಪಂಪ್ ಇದೆ. ಬೀದಿಯ ಕೊಳವೆಯಿಂದ ನಿಮಿಷಕ್ಕೆ 12 ಲೀಟರ್‌ಗಿಂತ ಹೆಚ್ಚು ಎಳೆಯುವ ಪಂಪ್ ಆದರೆ 1999ರ ನೀರು ಜೋಡಣೆಗಳ ನಿಯಮದ ಪ್ರಕಾರ ನೀರಿನ ಕಂಪನಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಊರಿನಲ್ಲಿ ಕೊಳಾಯಿಗೆ ಕದ್ದು ಮೋಟರ್ ಕಟ್ಟುವಂತೆ ಇಲ್ಲಿ ಮಾಡಲು ಹೋಗಬೇಡಿ.

ಹೊಸ ಶವರ್ ಕೊಳ್ಳಲೇಬೇಕಾದರೆ

ಅಂಗಡಿಯವರು ಹೆಚ್ಚು ಕಿಲೋವ್ಯಾಟ್ ತೋರಿಸುತ್ತಾರೆ. ಒತ್ತಡ ಕಡಿಮೆ ಇರುವ ಮನೆಗೆ ಇದು ತಪ್ಪು ಸಲಹೆ. 8.5 ಬದಲು 10.5 ಕಿಲೋವ್ಯಾಟ್ ಹಾಕಿದರೆ ನೀರು ಹೆಚ್ಚುವುದಿಲ್ಲ. ಇರುವ 3 ಲೀಟರ್ ನೀರಿಗೆ ಏರಿಕೆ 40ರಿಂದ 50 ಡಿಗ್ರಿಗೆ ಹೋಗುತ್ತದೆ, ಶಾಖ ಸ್ವಿಚ್ ಇನ್ನೂ ಬೇಗ ಕಡಿಯುತ್ತದೆ. ದೊಡ್ಡ ಶವರ್ ದೊಡ್ಡ ಹರಿವಿದ್ದವರಿಗೆ ಮಾತ್ರ.

ನೋಡಬೇಕಾದದ್ದು ಥರ್ಮೋಸ್ಟಾಟಿಕ್ ಎಲೆಕ್ಟ್ರಿಕ್ ಶವರ್. ಅದು ಹೊರಹೋಗುವ ನೀರಿನ ಬಿಸಿಯನ್ನು ಗಮನಿಸುತ್ತಾ ಕಾಯಿಲ್‌ನ ಶಕ್ತಿಯನ್ನು ಅಥವಾ ಹರಿವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಒತ್ತಡ ಬಿದ್ದಾಗ ನೀರು ಸಣ್ಣದಾಗುತ್ತದೆ, ಆದರೆ ಸುಡುವುದಿಲ್ಲ. ಮಕ್ಕಳು, ವೃದ್ಧರು ಇರುವ ಮನೆಗೆ ಹೆಚ್ಚುವರಿ ಹಣ ಸಾರ್ಥಕ. ಹಾಗೆಂದು ಇಲ್ಲದ ನೀರನ್ನು ಅದೂ ಸೃಷ್ಟಿಸಲಾರದು. ಕನಿಷ್ಠ ಒತ್ತಡಕ್ಕಿಂತ ಕೆಳಗಿಳಿದರೆ ಅದೂ ಕೈಚೆಲ್ಲುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಬರೆದ ಕನಿಷ್ಠ ಒತ್ತಡವನ್ನು ನೀವು ಅಳೆದಿಟ್ಟ ಅಂಕಿಯೊಂದಿಗೆ ಹೋಲಿಸಿಯೇ ಹಣ ಕೊಡಿ. ಪೆಟ್ಟಿಗೆಯ ಮೇಲಿನ ಕಿಲೋವ್ಯಾಟ್ 240 ವೋಲ್ಟ್ ಲೆಕ್ಕದ್ದು ಎಂಬುದೂ ನೆನಪಿರಲಿ. 230 ವೋಲ್ಟ್ ಬಂದರೆ 8.5 ಕಿಲೋವ್ಯಾಟ್ ಎಂದು ಬರೆದದ್ದು ಕೊಡುವುದು 7.8 ಮಾತ್ರ.

ಕಡೆಯದಾಗಿ ತಂತಿ. ಹಳೆಯ 7.5 ಕಿಲೋವ್ಯಾಟ್ ಶವರ್‌ಗೆ ಎಳೆದಿದ್ದ 6 ಚದರ ಮಿಲಿಮೀಟರ್ ತಂತಿಗೆ 10.5 ಕಿಲೋವ್ಯಾಟಿನ ಶವರ್ ಕಟ್ಟುವಂತಿಲ್ಲ. ಅದು ಸುಮಾರು 44 ಆಂಪಿಯರ್ ಎಳೆಯುತ್ತದೆ, ಸಾಮಾನ್ಯವಾಗಿ 10 ಚದರ ಮಿಲಿಮೀಟರ್ ತಂತಿ ಬೇಕಾಗುತ್ತದೆ. ಫ್ಯೂಸ್ ಪೆಟ್ಟಿಗೆಯಲ್ಲಿ 30 ಮಿಲಿಆಂಪಿಯರಿನ ಸೋರಿಕೆ ರಕ್ಷಕ ಇದೆಯೇ ಎಂದು ಎಲೆಕ್ಟ್ರೀಷಿಯನ್ ನೋಡಬೇಕು. ಇಂಗ್ಲೆಂಡಿನಲ್ಲಿ ಶವರ್‌ಗೆ ಹೊಸ ಸರ್ಕ್ಯೂಟ್ ಎಳೆದರೆ ಕಟ್ಟಡ ನಿಯಮದ ಪ್ರಕಾರ ಅದನ್ನು ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು. ನೋಂದಾಯಿತ ಎಲೆಕ್ಟ್ರೀಷಿಯನ್ ಆದರೆ ತಾನೇ ತಿಳಿಸಿ ಪ್ರಮಾಣಪತ್ರ ಕೊಡುತ್ತಾನೆ. ಮನೆ ಮಾರುವಾಗ ಆ ಪತ್ರವನ್ನು ವಕೀಲರು ಕೇಳುತ್ತಾರೆ, ತೆಗೆದಿಟ್ಟುಕೊಳ್ಳಿ.